ನೀಲವ್ವನ ನಾಯಿಗುಳಿಗೆ

ಬನವಾಸಿಯ ನೀಲವ್ವನಿಗೆ ನಾಯಿ ಕಚ್ಚಿದ ಗಾಯ ಮಾಯ್ದರೂ ಹೆದರಿಕೆ ಮಾಯಲಿಲ್ಲ. ನಾಯಿ ಸಾಕಿದ ಮಗಳ ಮನೆಗೇ ಹೋಗುವುದನ್ನು ಬಿಟ್ಟಿದ್ದಳು. ಶಿರಸಿಯ ಡಾಕ್ಟರು ಹೆದರಿಕೆ ಬಿಡಿಸಲು ಗುಳಿಗೆ ಕೊಟ್ಟು, ನುಂಗಿದ ಒಂದು ತಾಸಿಗೆ ನಾಯಿಯ ಹತ್ತಿರ ಕೂರಬೇಕೆಂದರು. ನೀಲವ್ವ ನುಂಗಿ, ಗಂಜಿ ಕುಡಿದು, ಕೌದಿ ಹೊದ್ದು ಮಲಗಿಬಿಟ್ಟಳು. ಔಷಧಿ ಅಂದಮೇಲೆ ಪಥ್ಯ ಬೇಡವೇ? ಹೆದರಿಕೆ ಮಾತ್ರ ಇದ್ದಲ್ಲೇ ಇತ್ತು.

"ನಿಮ್ಮ ಗುಳಿಗೀನ ಸುಳ್ಳು!" ಎಂದು ಡಾಕ್ಟರ ಮೇಲೆ ರೇಗಿದಳು.

ಅವರು ನಕ್ಕರು. "ಹೆದರಿದಾಗ ಮೈಯೊಳಗೆ ಉಕ್ಕುವ ರಸವೇ ಇದರಲ್ಲಿದೆ ನೀಲವ್ವಾ. ಹೊಸದಾಗಿ ಕಲಿತದ್ದನ್ನು ಮನಸ್ಸಿನಲ್ಲಿ ಅಚ್ಚೊತ್ತೋಕೆ ಅದು ನೆರವಾಗುತ್ತೆ. ಆಗ ನಾಯಿ ಎದುರು ಕೂತರೆ, ಏನೂ ಆಗಲಿಲ್ಲ ಅನ್ನೋದು ಮನಸ್ಸಿಗೆ ಗಟ್ಟಿಯಾಗಿ ನಾಟುತ್ತೆ. ಮಲಗಿದರೆ ಏನು ನಾಟಬೇಕು?"

ಈ ಸಲ ನುಂಗಿ, ಮಗಳ ಮನೆ ಕಟ್ಟೆಯ ಮೇಲೆ ನಡುಗುತ್ತಾ ಕೂತಳು. ನಾಯಿ ಬಂದು ಮೂಸಿತು, ಅವಳ ಪಾದಕ್ಕೊರಗಿ ಗೊರಕೆ ಹೊಡೆಯಿತು. ಮೆಲ್ಲಗೆ ನಡುಕ ನಿಂತಿತು.

"ಏನಲೇ," ಎಂದಳು ನೀಲವ್ವ, "ಗುಳಿಗಿ ನುಂಗಿದಾಕಿ ನಾನು, ಮಲಗಿದಾಂವ ನೀನು!"