ಅಳದವರ ನ್ಯೂರಾನ್

ಕೊಂಡ್ಲಹಳ್ಳಿಯಲ್ಲಿ ನಮ್ಮಜ್ಜಿ ತೀರಿಕೊಂಡ ದಿನ ಅಳದೇ ಇದ್ದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬಳು ಅಕ್ಕನ ಮಗಳು ತನು. ಏಳು ವರ್ಷದವಳು, ಆಟಿಸಂ ಇದೆ.

ನನಗೆ ಸಿಕ್ಕಿದ್ದು ಶಹಬ್ಬಾಸ್‌ಗಿರಿ. ಅವಳಿಗೆ ಸಿಕ್ಕಿದ್ದು ತೀರ್ಪು.

ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗೋಳಾಡತೊಡಗಿದಾಗ ತನು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ್ದಳು. ಮಣ್ಣು ಮುಗಿಸಿ ಬಂದ ಮೇಲೆ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಮಾಮ ಅಕ್ಕನನ್ನು ಕರೆದರು.

"ನೋಡವ್ವಾ, ಇಂಥ ಮಕ್ಳಿಗೆ ಮಿರರ್ ನ್ಯೂರಾನ್ ಕೆಲ್ಸ ಮಾಡಲ್ವಂತೆ. ವಿಡಿಯೋದಾಗೆ ನೋಡ್ದೆ. ಬೇರೆಯೋರ ನೋವು ಅವಕ್ಕೆ ಗೊತ್ತೇ ಆಗಲ್ಲ. ತಿಥಿ ದಿನ ಕರ್ಕೊಂಡು ಬರಬ್ಯಾಡ. ಜನ ಆಡ್ಕೊಂತಾರೆ."

ಅಕ್ಕ ತಲೆ ತಗ್ಗಿಸಿದಳು. ನಾನು ಬಿಡುತ್ತೇನಾ? (ಡಿಬೇಟ್ ಮಾಡಿದವರಿಗೆ ಸಾವಿನ ಮನೆಯೂ ಸ್ಟೇಜೇ.)

"ಮಾಮ, ನಾನೂ ಅಳಲಿಲ್ಲ. ನನ್ನ ನ್ಯೂರಾನ್ ಕಥೆ ಏನು?"

"ಲೇ, ನೀನು ಗಂಡ್ಸು. ಗುಂಡಿಗೆ ಗಟ್ಟಿ ಐತೆ."

ಇದೇನಾ ವಿಜ್ಞಾನ?

ಅಸಲು ವಿಷಯ ಇಷ್ಟು. ಮಂಗ ತಾನು ತಿಂಡಿ ಎತ್ತಿಕೊಂಡಾಗ ಮಿಡಿಯುವ ಮೆದುಳಿನ ಕೆಲವು ಕೋಶಗಳು, ಬೇರೆಯವರು ಎತ್ತಿಕೊಳ್ಳುವುದನ್ನು ನೋಡಿದಾಗಲೂ ಮಿಡಿಯುತ್ತವೆ. ಅವೇ ಮಿರರ್ ನ್ಯೂರಾನ್. ಆಟಿಸಂನಲ್ಲಿ ಇವು ಕೆಟ್ಟಿರಬಹುದೇ ಎಂದು ಕೆಲವರು ಊಹಿಸಿದರು. ಊಹಿಸಲಿ, ತಪ್ಪಿಲ್ಲ. ಆದರೆ ಆಮೇಲಿನ ಪರೀಕ್ಷೆಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗಲಿಲ್ಲ. ಊಹೆ ಇನ್ನೂ ಊಹೆಯೇ. ನಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಮಾತ್ರ ಅದು ಸತ್ಯವಾಗಿಬಿಟ್ಟಿದೆ!

ಇನ್ನು ಅಳು. ಮೊಳಕಾಲ್ಮೂರಿನಿಂದ ಬಂದ ನೆಂಟರನ್ನು ಬಸ್‌ಸ್ಟಾಪಿನಿಂದ ಕರೆತಂದವನು ನಾನೇ. ದಾರಿಯುದ್ದಕ್ಕೂ ಸೀಟು ಸಿಗದ ಕಥೆ. ಮನೆ ಬಾಗಿಲು ಕಂಡದ್ದೇ ತಡ, "ಅಯ್ಯೋ ನಮ್ಮವ್ವಾ!" ಸ್ವಲ್ಪ ಹೊತ್ತಿಗೆ, "ಕಾಫಿ ಐತೇನ್ರೀ?" ನಾಟಕ ಅನ್ನುತ್ತಿಲ್ಲ. 'ನಿಮ್ಮ ಜೊತೆ ನಾವಿದ್ದೀವಿ' ಅಂತ ಹೇಳುವ ರೀತಿ ಅದು. ಆದರೆ ಆ ರೀತಿ ಬಾರದವರಿಗೆ ನೋವೇ ಇಲ್ಲ ಅನ್ನುವುದು ಯಾವ ಲಾಜಿಕ್?

ತನುವಿಗೆ ಅಂದು ಏನನ್ನಿಸಿತು? ನನಗೆ ಗೊತ್ತಿಲ್ಲ. ಮಾಮನಿಗೂ ಗೊತ್ತಿಲ್ಲ. ವಾದದಲ್ಲಿ ನಾನು ಇಷ್ಟು ಮಾತ್ರ ಗೆದ್ದೆ.

ಉಳಿದದ್ದನ್ನು ಅಕ್ಕನೇ ಹೇಳಿದಳು. "ಅಷ್ಟು ಸದ್ದು ಅವಳಿಗೆ ತಡ್ಕೊಳ್ಳೋಕಾಗಲ್ಲ ಮಾಮ. ಅವಳು ಬರಬಾರ್ದು ಅಂದ್ರೆ ನಾನೂ ಬರಲ್ಲ."

ಹೋಗಿದ್ದು ಮಾಮನ ತಾಯಿ. ಟವೆಲಿನಿಂದ ಕಣ್ಣೊರೆಸಿಕೊಂಡು ಅಂದರು:

"ಆತು, ಕರ್ಕೊಂಡು ಬಾ. ಅಷ್ಟರೊಳಗೆ ಚೂರು ಅಳೋದು ಹೇಳ್ಕೊಡು."

ಹಾಗಾದರೆ ನಮಗೆಲ್ಲ ಯಾರು ಹೇಳಿಕೊಟ್ಟಿದ್ದು?