ಬಾಗಿಲ ಡಾಕ್ಟರು

ಮಧ್ಯಾಹ್ನವಾದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳು ಒಂದೊಂದೇ ಸುಮ್ಮನಾಗುತ್ತವೆ. ನೇಕಾರ ವೆಂಕಪ್ಪ ಮಾತ್ರ ಉಂಡ ಮೇಲೂ ಮಗ್ಗದಲ್ಲೇ. ಕಾಲು ಮಗ್ಗದ ಕೆಳಗೆ ತೋಡಿದ ತಂಪು ಕುಣಿಯೊಳಗೆ, ತಲೆ ಎದುರಿನ ಅರೆನೇಯ್ದ ಸೀರೆಯ ಮೇಲೆ. ಹಾಗೇ ಒಂದು ಜೊಂಪು. ಯಾರಾದರೂ ಎಬ್ಬಿಸಿದರೆ, "ಕನಸಿನ್ಯಾಗ ಸೆರಗು ನೇಯಾಕತ್ತಿದ್ದೆ, ಕೆಡಿಸಿದಿ," ಎಂದು ಬೈಯುತ್ತಿದ್ದ.

ಅವನ ಮಗಳು ರಂಜನಾ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಬೆಳಗಾವಿಯಲ್ಲಿ ತುರ್ತು ಚಿಕಿತ್ಸೆ ಕಲಿತು, ಗದಗಿನ ಆಸ್ಪತ್ರೆಯೊಂದಕ್ಕೆ ಬಂದಳು. ಅಪ್ಪನಿಗೆ ಆ ಕೆಲಸ ತಲೆಗೆ ಹತ್ತಲಿಲ್ಲ.

"ಕಣ್ಣಿನ ಡಾಕ್ಟರೋ, ಎಲುಬಿನ ಡಾಕ್ಟರೋ?"

"ಬಾಗಲ ಡಾಕ್ಟರ್ ಅನ್ನಪ್ಪಾ. ಬಾಗಲಕ್ಕ ಬಂದ ಜೀವಾ ಹಿಡದು, ಒಳಗಿನವರ ಕೈಗೆ ಕೊಡೋದು."

"ಅರ್ಧಾ ಸೀರಿ ನೇಯ್ದು ಏಳೋ ನೇಕಾರನ್ನ ನಾ ಕಂಡಿಲ್ಲವ್ವಾ. ಒಂದಿನಾ ಬಂದು ನಿನ್ನ ಕೆಲಸಾ ನೋಡ್ತೀನಿ ತಡಿ."

ಬರೀ ಬಾಯಿಮಾತು. ಮಗ್ಗ ಬಿಟ್ಟು ಏಳುವ ಆಸಾಮಿಯೇ ಅಲ್ಲ ಅವನು.

ಈ ಸಲ ಶ್ರಾವಣದ ಜಿಟಿಜಿಟಿ ಮಳೆಯ ಮಧ್ಯಾಹ್ನ, ಜೊಂಪಿನಲ್ಲಿದ್ದ ಅವನ ಕಾಲಿಗೆ ಕುಣಿಯೊಳಗೆ ಸೇರಿದ್ದ ನಾಗರಹಾವು ಕಚ್ಚಿತು. ಅವನನ್ನೂ ಹೆಂಡತಿ ಬನಶಂಕರೆವ್ವನನ್ನೂ ನನ್ನ ಆಟೋದಲ್ಲಿ ಹತ್ತಿಸಿಕೊಂಡೆ. ದಾರಿಯಲ್ಲಿ ಅವನ ರೆಪ್ಪೆಗಳು ಮೆಲ್ಲಗೆ ಇಳಿದವು.

"ಇದು ಅವರ ನಿದ್ದಿ ಹೊತ್ತು," ಎಂದಳು ಬನಶಂಕರೆವ್ವ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. "ಮಲಗಿದ್ರ ನೋವಾರ ಮರೀತಾರ. ಸಾವಕಾಶ ಹೊಡಿಯಪ್ಪಾ."

ಸಾವಕಾಶ ಎಂಬುದು ನನ್ನ ಆಟೋಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಿಗೇ ಹೋಗಿ ನಿಂತೆ.

ರಂಜನಾ ಬಂದಳು. ಅಪ್ಪನನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. "ಎಬ್ಬಸಬ್ಯಾಡ, ಈಗ ಕಣ್ಣು ಹತ್ತ್ಯಾವು," ಎಂದು ತಾಯಿ ಪಿಸುಗುಟ್ಟಿದಳು. ಮಗಳು ಹೆಬ್ಬೆರಳಿನಿಂದ ಅವನ ರೆಪ್ಪೆ ಎತ್ತಿದಳು. ಬಿಟ್ಟೊಡನೆ ಅದು ಮತ್ತೆ ಬಿತ್ತು.

"ಯವ್ವಾ, ಇದು ನಿದ್ದಿ ಅಲ್ಲ, ವಿಷ. ರೆಪ್ಪಿ ಆತು, ಇನ್ನ ಉಸಿರು ನಿಂದರಸತೈತಿ."

ಆಮೇಲಿನದೆಲ್ಲ ನನಗೆ ನೀರೊಳಗಿಂದ ನೋಡಿದಂತೆ ನೆನಪು. ಸೂಜಿ, ಔಷಧಿ, ಗಂಟಲಿಗೊಂದು ನಳಿಕೆ. ಅದಕ್ಕೆ ಹಚ್ಚಿದ ಚೀಲವನ್ನು ಅವಳು ಒತ್ತುತ್ತಿದ್ದಳು, ಬಿಡುತ್ತಿದ್ದಳು. ಅಪ್ಪನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹೊರಗೆ ಮಳೆ, ಒಳಗೆ ಆ ಒಂದೇ ಸದ್ದು. ಓಣಿಯಲ್ಲಿ ಯಾವುದೋ ಮಗ್ಗ ನಡೆಯುತ್ತಿದೆ ಎನಿಸಿ ನನಗೂ ಮಂಪರು ಕವಿಯಿತು.

ಅಷ್ಟರಲ್ಲಿ ನರ್ಸ್ ಕೂಗಿದಳು: "ಮೇಡಂ, ಹಿರೇಹಂದಿಗೋಳದಿಂದ ಕೂಸು ಬಂದೈತ್ರಿ, ನೀರಿನ ಹೊಂಡದಾಗ ಬಿದ್ದಿತ್ತಂತ."

ರಂಜನಾ ಒಮ್ಮೆ ಅಪ್ಪನ ಮುಖ ನೋಡಿದಳು. ಚೀಲವನ್ನು ಒಳಗಿನ ಡಾಕ್ಟರ ಕೈಗೆ ಕೊಟ್ಟು ಬಾಗಿಲ ಕಡೆಗೆ ಓಡಿದಳು. ಅಪ್ಪನಿದ್ದ ಗಾಲಿಮಂಚ ಅತ್ತ ಒಳಗೆ ಹೋಯಿತು, ಮಗಳು ಇತ್ತ. ನನಗೆ ಸಿಟ್ಟೇ ಬಂತು. ಎಂಥ ಕಲ್ಲೆದೆಯ ಹುಡುಗಿ ಎಂದುಕೊಂಡೆ.

ಎರಡು ದಿನ ಬಿಟ್ಟು ನಳಿಕೆ ತೆಗೆದರು. ರಂಜನಾ ಮಂಚದ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ವೆಂಕಪ್ಪ ಒಡಕು ದನಿಯಲ್ಲಿ ಹೇಳಿದ:

"ನಿನ್ನ ಕೆಲಸಾ ನೋಡಾಕ ಆಗಲಿಲ್ಲ ತಂಗಿ, ಕಣ್ಣು ತೆರೀಲೇ ಇಲ್ಲ. ಆದ್ರ ಎಲ್ಲಾ ಕೇಳಸ್ತಿತ್ತು."

ಉಸಿರು ಎಳೆದುಕೊಂಡು ಕೇಳಿದ:

"ಆ ಹಿರೇಹಂದಿಗೋಳದ ಕೂಸು ಉಳೀತೇನು?"

"ಉಳೀತಪ್ಪಾ," ಎಂದಳು ರಂಜನಾ. ಅಲ್ಲಿಯವರೆಗೆ ಅತ್ತಿರದಿದ್ದವಳು ಆಗ ಅತ್ತಳು.