ಅಮಾವಾಸ್ಯೆಯ ದಿನ ಕಡಲಿಗೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೂ ನೊಗ ಏರುತ್ತಿರಲಿಲ್ಲ. ಹೊಸ ಬಟ್ಟೆ ಉಡುವಂತಿಲ್ಲ, ಊರು ಬಿಟ್ಟು ಹೊರಡುವಂತಿಲ್ಲ. ಅಪ್ಪನ ಮಾತು ಅದು. ಅಪ್ಪನಿಗೆ ಎದುರಾಡುವ ಧೈರ್ಯ ನಿಟ್ಟೂರಿನ ನಮ್ಮ ಹೆಂಚಿನ ಮನೆಯಲ್ಲಿ ಒಬ್ಬರಿಗೇ ಇತ್ತು, ಅದು ನನ್ನ ಅಕ್ಕನಿಗೆ.

ಅಕ್ಕ ತುಮಕೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಅವಳ ಕೋಣೆಯಲ್ಲಿದ್ದ ಗೆಳತಿ ಹೊನ್ನಾವರದ ಕಡೆಯವಳು. ಗೆಳತಿಯ ತಂದೆಗೆ ದೋಣಿ ಇತ್ತು. ಅವರ ಊರಿನ ಹತ್ತಿರ ಕಡಲ ಬಂಡೆಗಳಲ್ಲಿ ಗವಿಗಳಿವೆ, ದೋಣಿಯಲ್ಲಿ ಕೂತು ಒಳಗೇ ಹೋಗಬಹುದು ಎಂದು ಅಕ್ಕ ಬಂದಾಗಲೆಲ್ಲ ಹೇಳುತ್ತಿದ್ದಳು. "ರಜಕ್ಕೆ ನಿನ್ನೂ ಕರ್ಕೊಂಡೋಗ್ತೀನಿ ಕಣೋ" ಎಂದು ಮಾತು ಬೇರೆ ಕೊಟ್ಟಿದ್ದಳು. ಕೆರೆ ಬಿಟ್ಟು ಬೇರೆ ನೀರು ಕಾಣದ ನನಗೆ ಆ ಮಾತು ಕೇಳಿದ ಮೇಲೆ ಆಟದ ಮೇಲೂ ಮನಸ್ಸಿರಲಿಲ್ಲ.

ಆ ಬೇಸಿಗೆಯ ಒಂದು ಭಾನುವಾರ ಅಕ್ಕ ಮನೆಗೆ ಬಂದಳು. ಅಂಗಳದಲ್ಲಿ ಸುಲಿದ ತೆಂಗಿನ ಮಟ್ಟೆಯ ವಾಸನೆ, ಅಡುಗೆ ಮನೆಯಲ್ಲಿ ಬಸ್ಸಾರಿನ ಘಮ. ಎಲ್ಲರೂ ಉಣ್ಣಲು ಕೂತಿದ್ದೆವು.

"ಪರೀಕ್ಷೆ ಮುಗಿದ ಮಾರನೇ ದಿನ ಹೊರಡ್ತೀವಿ ಅಪ್ಪ, ನಾನೂ ಇವ್ನೂ. ಅದರ ಮಾರನೇ ದಿನ ದೋಣಿ," ಎಂದಳು.

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಹೊರಡೋ ದಿನ ಅಮಾಸೆ."

"ಗೊತ್ತು."

"ಗೊತ್ತಿದ್ದೂ ಹೇಳ್ತಿದೀಯಾ? ಹುಣ್ಣಿಮೆ ಬರ್ಲಿ, ಆಮೇಲೆ ನೋಡಣ."

ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಮಳೆ ಹಿಡಿಯುತ್ತದೆ, ದೋಣಿಗಳನ್ನು ದಡಕ್ಕೆ ಎಳೆದುಬಿಡುತ್ತಾರೆ. ಬರುವ ವರ್ಷ ಎನ್ನೋಣವೆಂದರೆ ಅಕ್ಕನಿಗೆ ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು. "ಬರೋ ವರ್ಷ ನಾನ್ಯಾರ ಮನೇಲಿರ್ತೀನೋ! ಹೋದ್ರೆ ಈಗ, ಇಲ್ಲಾಂದ್ರೆ ಇಲ್ಲ," ಎಂದಳು ಅಕ್ಕ. ಅಕ್ಕ ಹೋಗದಿದ್ದರೆ ನಾನು ಕಡಲು ನೋಡಿದ ಹಾಗೆಯೇ! ಮನಸ್ಸು ಮಾಡಿದ್ದರೆ ಅವಳು ಹಾಸ್ಟೆಲಿನಿಂದಲೇ, ಯಾರಿಗೂ ಹೇಳದೆ, ಒಬ್ಬಳೇ ಹೋಗಿಬರಬಹುದಿತ್ತು. ಅವಳು ಅಂಥವಳಲ್ಲ. ಕದ್ದು ಹೋದರೆ ಅಮಾವಾಸ್ಯೆಗೆ ಹೆದರಿದಂತೆ ಎಂದು ಅವಳ ಲೆಕ್ಕ.

"ಆ ಹಾಳು ಅಮಾಸೇನೇ ಆಗ್ಬೇಕೇನೇ ನಿಂಗೆ?" ಅಜ್ಜಿ ಕೇಳಿದಳು.

"ಕೈ ತೊಳ್ಕೊಂಡು ಬನ್ನಿ, ತೋರಿಸ್ತೀನಿ," ಎಂದು ಅಕ್ಕ ಎಲ್ಲರನ್ನೂ ಕೊಟ್ಟಿಗೆಯ ಮುಂದಿನ ಕಲ್ಲುಬಾನಿಯ ಹತ್ತಿರ ಕರೆದುಕೊಂಡು ಹೋದಳು. ದನಗಳು ನೀರು ಕುಡಿಯುವ ಬಾನಿ ಅದು. ಹಳೆಯ ಮಡಕೆಯೊಂದನ್ನು ಅದರೊಳಗೆ ಅಡ್ಡ ಮಲಗಿಸಿ ಮೇಲೊಂದು ಕಲ್ಲು ಹೇರಿದಳು. ಮಡಕೆ ಗವಿಯಂತೆ. ತೆಂಗಿನ ಚಿಪ್ಪೊಂದನ್ನು ತೇಲಿಬಿಟ್ಟಳು. ಅದು ದೋಣಿಯಂತೆ. ನೀರು ತುಂಬಿದ್ದರಿಂದ ಮಡಕೆಯ ಬಾಯಿ ಮುಳುಗಿಹೋಗಿ, ಚಿಪ್ಪು ಮೇಲೆ ಸುಮ್ಮನೆ ಸುತ್ತುತ್ತಿತ್ತು.

"ಬೇರೆ ದಿನ ಹಿಂಗೇ. ಅಮಾಸೆ, ಹುಣ್ಣಿಮೆ ಆಸುಪಾಸಲ್ಲಿ ಮಾತ್ರ ಕಡಲ ನೀರು ತೀರಾ ಕೆಳಕ್ಕಿಳಿಯುತ್ತೆ. ಆವಾಗ ಗವಿ ಬಾಯಿ ಬಿಡುತ್ತೆ," ಎಂದು ನೀರು ತೋಡಲು ತಂಬಿಗೆ ಹುಡುಕಿದಳು. ಅಷ್ಟರಲ್ಲಿ ನಮ್ಮ ಎಮ್ಮೆ ಅಪ್ಪನನ್ನು ಪಕ್ಕಕ್ಕೆ ತಳ್ಳಿಕೊಂಡು ಬಂದು ಬಾನಿಗೆ ಮೂತಿ ಇಟ್ಟಿತು. ಬಿಸಿಲಿಗೆ ಎಷ್ಟು ಬಾಯಾರಿತ್ತೋ, ಸೊರ್ರೆಂದು ಕುಡಿದದ್ದೇ ಕುಡಿದದ್ದು. ನೀರು ಇಳಿಯಿತು. ಮಡಕೆಯ ಬಾಯಿ ಕಂಡಿತು. ಚಿಪ್ಪು ಓಲಾಡುತ್ತ ಮೆಲ್ಲಗೆ ಒಳಗೆ ಹೋಯಿತು.

ನಾನು ಕೇಕೆ ಹಾಕಿದೆ. ಅಜ್ಜಿ ನಗು ತಡೆಯಲಾರದೆ ಬಾಯಿಗೆ ಸೆರಗು ಇಟ್ಟುಕೊಂಡಳು. ಅಪ್ಪ ಮಾತ್ರ ನಗಲಿಲ್ಲ. "ಎಮ್ಮೆ ನೀರು ಕುಡಿದ್ರೆ ಶಾಸ್ತ್ರ ಸುಳ್ಳಾಯ್ತದಾ?" ಎಂದ.

ಆಗ ಅಜ್ಜಿ ನಡುವೆ ಬಂದಳು. ನಮ್ಮ ಕಡೆ ಇಂಥದ್ದಕ್ಕೆ ಒಂದು ದಾರಿಯಿತ್ತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ಬಟ್ಟೆಯ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬರುವುದು. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ. "ಇವತ್ತೇ ಗಂಟು ಇಟ್ಬುಡು ಮಗಾ, ಎಲ್ಲಾ ಸರಿಹೋಯ್ತದೆ," ಎಂದಳು. ಅಪ್ಪನ ಮುಖ ಸಡಿಲವಾಯಿತು. ಅಕ್ಕ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಹೂಂ ಅನ್ನು, ಹೂಂ ಅನ್ನು ಎಂದು ನಾನು ಅವಳ ಸೆರಗು ಜಗ್ಗಿದೆ.

"ಇಲ್ಲ ಅಜ್ಜಿ. ನಾನು ಅಮಾಸೆ ದಿನಾನೇ ಹೊರಡೋದು, ನನ್ನ ಗಂಟೂ ಅವತ್ತೇ. ಹೋದ ಅಮಾಸೆ ದಿನ ಕಾಯಿ ಲಾರಿ ಬಂತಲ್ಲ, ಅಪ್ಪ ತುಂಬಿಸಿ ಕಳಿಸ್ಲಿಲ್ವಾ? ತೆಂಗಿನಕಾಯಿಗಿಲ್ಲದ ಅಮಾಸೆ ಮನೆ ಮಗಳಿಗ್ಯಾಕೆ?"

ಅಪ್ಪ ಹೊಡೆದೇಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪ ಹೆಗಲ ಟವೆಲ್ಲು ಕೊಡವಿದ ಸದ್ದು ಕೇಳಿತು. "ನಾನಂತೂ ಸ್ಟೇಷನ್‌ಗೆ ಬಿಡೋಕೆ ಬರಲ್ಲ," ಎಂದ.

"ಬ್ಯಾಡ ಬುಡಪ್ಪ. ನಡ್ಕೊಂಡೇ ಹೋಗ್ತೀವಿ."

ಅದೇ ಒಪ್ಪಿಗೆ. ಅದಕ್ಕಿಂತ ಹೆಚ್ಚು ಕೊಡುವವನು ಅಪ್ಪನಲ್ಲ, ಕೇಳುವವಳು ಅಕ್ಕನಲ್ಲ.

ಹೋದೆವು. ಗವಿಯ ಬಾಯಲ್ಲಿ ದೋಣಿಯವರು "ತಲೆ ತಗ್ಗಿಸಿ" ಎಂದಾಗ ಎಲ್ಲರೂ ತಗ್ಗಿಸಿದೆವು, ಅಕ್ಕನೂ. ಅವಳು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಳಗೆ ತಣ್ಣನೆಯ ಉಪ್ಪುಗಾಳಿ. ಕಲ್ಲಿನ ಸೂರಿನ ಮೇಲೆ ಹಸಿರು ಬೆಳಕು ಕುಣಿಯುತ್ತಿತ್ತು. ಖುಷಿ ತಡೆಯಲಾರದೆ ನಾನು ಅತ್ತೇಬಿಟ್ಟೆ.

ಈಗ ಮೊಮ್ಮಕ್ಕಳು ನೀವು ತುಮಕೂರಿನ ಈ ಮನೆಯಲ್ಲಿ ಸೋಫಾದ ಮೇಲೆ ಕೂತು ಅಂಥದ್ದೇ ಗವಿಗೆ ಹೊರಡುವ ಪ್ಲಾನು ಮಾಡುತ್ತಿದ್ದೀರಿ. ನೀರು ಯಾವಾಗ ಇಳಿಯುತ್ತದೆಂದು ಫೋನೇ ಹೇಳುತ್ತದೆ. ದೋಣಿಯೂ ಅದರಲ್ಲೇ ಬುಕ್ ಆಗುತ್ತದೆ, ತೊಟ್ಟುಕೊಳ್ಳಲು ಲೈಫ್ ಜಾಕೆಟ್ ಕೊಡುತ್ತಾರೆ. ಹೊರಡುವ ದಿನ ಅಮಾವಾಸ್ಯೆಯೋ ಅಷ್ಟಮಿಯೋ ನಿಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಒಳ್ಳೆಯದೇ ಆಯಿತು. ಆದರೆ ಬೇಡ ಎನ್ನುವವರು ಮಾತ್ರ ಎಲ್ಲೂ ಹೋಗಿಲ್ಲ. "ತಾತನ ಮಂಡಿ ಸರಿ ಇಲ್ಲ, ಅವ್ರು ದಡದಲ್ಲಿ ಕೂತಿರ್ಲಿ," ಎಂದು ನಿನ್ನೆ ನಿಮ್ಮ ಅಪ್ಪ ಹೇಳಿದ್ದು ನನಗೂ ಕೇಳಿಸಿತು. ಅಂದು ತಿಥಿ ನೋಡಿ ಬೇಡ ಎಂದರು, ಇಂದು ನನ್ನ ಎಕ್ಸ್‌ರೇ ನೋಡಿ ಬೇಡ ಎನ್ನುತ್ತಾರೆ.

ಕುಣಿಗಲ್‌ನಲ್ಲಿರುವ ಅಕ್ಕನಿಗೆ ಬೆಳಿಗ್ಗೆ ಫೋನ್ ಮಾಡಿದೆ. ಅವಳಿಗೀಗ ಎಂಬತ್ತು. ವಿಷಯ ಹೇಳಿದ ಕೂಡಲೇ "ಯಾವತ್ತು ಹೊರಡೋದ್ಲಾ?" ಎಂದಷ್ಟೇ ಕೇಳಿದಳು. ಆದ್ದರಿಂದ ಮಕ್ಕಳೇ, ದೋಣಿಯಲ್ಲಿ ಎರಡು ಸೀಟು ಹೆಚ್ಚಿಗೆ ಹಿಡಿಯಿರಿ. ದಡದಲ್ಲಿ ಕೂತು ನಿಮ್ಮ ಚಪ್ಪಲಿ ಕಾಯಲು ನಾವು ಅಷ್ಟು ದೂರ ಬರುವುದಿಲ್ಲ.